ಮಳೆಗಾಲದಲ್ಲಿ ಡೆಸ್ಕ್‌ಟಾಪ್ ಆನ್ ಆಗ್ತಿಲ್ವಾ? ಶಿವಮೊಗ್ಗಕ್ಕೆ ಹೊತ್ಕೊಂಡು ಹೋಗೋ ಮುಂಚೆ ಮನೇಲೇ ನೋಡ್ಬೇಕಾದ್ದು

ಆರಿದ್ರಾ ಮಳೆ ಹಿಡಿದು ಒಂದ್ ವಾರ ಆಯ್ತು ಅಂದ್ರೆ ಸಾಕು, ತೀರ್ಥಹಳ್ಳಿ ಹೊಸನಗರ ಸಾಗರ ಎಲ್ಲಾ ಕಡೆ ಒಂದೇ ಕಥೆ, ರಾತ್ರಿವರೆಗೆ ಚೆನ್ನಾಗಿದ್ದ ಡೆಸ್ಕ್‌ಟಾಪು ಬೆಳಿಗ್ಗೆ ಬಟನ್ ಒತ್ತಿದ್ರೆ ಫ್ಯಾನ್ ತಿರುಗ್ತದೆ ಸ್ಕ್ರೀನ್ ಮಾತ್ರ ಕಪ್ಪು, ಇಲ್ಲಾ ಅಂದ್ರೆ ಫ್ಯಾನೂ ಇಲ್ಲ ಲೈಟೂ ಇಲ್ಲ. ಪಾಪ ಅದನ್ನ ಗೋಣಿಚೀಲದಲ್ಲಿ ಸುತ್ಕೊಂಡು ಬಸ್ಸಿಗೆ ಹಾಕಿ ಶಿವಮೊಗ್ಗಕ್ಕೆ ಹೋಗ್ತಾರೆ, ಮದರ್‌ಬೋರ್ಡ್ (ಎಲ್ಲಾ ಭಾಗ ಕೂರೋ ದೊಡ್ಡ ಬೋರ್ಡು) ಹೋಗಿದೆ ಅನ್ನೋ ಮಾತು ಕೇಳ್ಕೊಂಡು ವಾಪಸ್ ಬರ್ತಾರೆ. ಮಳೆಗಾಲದಲ್ಲಿ ನಮ್ ಕಡೆ ನಿಂತು ಹೋಗೋ ಮಷೀನುಗಳಲ್ಲಿ ತುಂಬಾ ಮಷೀನು ನಿಜವಾಗ್ಲೂ ಸತ್ತಿರಲ್ಲ. ಥಂಡಿ ಹಿಡಿದಿರ್ತದೆ, ಎಲ್ಲೋ ಒಂದು ಕನೆಕ್ಷನ್ ಸಡಿಲ ಆಗಿರ್ತದೆ, ಕರೆಂಟು ಸರಿ ಸಿಗ್ತಿರಲ್ಲ. ಇದಿಷ್ಟನ್ನ ನೋಡದೆ ಬೋರ್ಡ್ ಬದಲಾಯಿಸೋಕೆ ಯಾರೂ ದುಡ್ಡು ಕೊಡಬೇಡಿ ಅನ್ನೋದಕ್ಕೇ ಇದನ್ನ ಬರೀತಿರೋದು. ಬೇಕಾಗಿರೋದು ಒಂದು ಸ್ಟಾರ್ ಸ್ಕ್ರೂಡ್ರೈವರ್, ಮಕ್ಕಳ ಕಂಪಾಸ್ ಬಾಕ್ಸಿನ ಬಿಳಿ ರಬ್ಬರ್, ಒಣಗಿದ ಪೇಂಟ್ ಬ್ರಷ್, ಟಾರ್ಚು, ಸಿಗೋದಾದ್ರೆ ಒಂದು ಮಲ್ಟಿಮೀಟರ್ (ವೋಲ್ಟ್ ಅಳೆಯೋ ಮೀಟರು).

ಮೊದಲು ಏನೂ ಬಿಚ್ಚಬೇಡಿ, ಬಟನ್ ಒತ್ತಿ ಸುಮ್ನೆ ನೋಡಿ ಕೇಳಿ. ಏನೂ ಆಗಲ್ವಾ, ಫ್ಯಾನ್ ತಿರುಗಿ ಡಿಸ್‌ಪ್ಲೇ ಬರಲ್ವಾ, ಎರಡು ಸೆಕೆಂಡು ಆನ್ ಆಗಿ ಆಫ್ ಆಗ್ತದಾ, ಕಂಪನಿ ಲೋಗೋ ಬಂದು ಅಲ್ಲೇ ನಿಲ್ತದಾ, ವಿಂಡೋಸ್ ತಿರುಗ್ತಾ ತಿರುಗ್ತಾ ಮತ್ತೆ ರೀಸ್ಟಾರ್ಟ್ ಆಗ್ತದಾ. ಒಂದೊಂದಕ್ಕೂ ದಾರಿ ಬೇರೆ. ಲೋಗೋ ಬಂತು ಅಂದ್ರೆ ಬೋರ್ಡು ಪ್ರೊಸೆಸರ್ ರ್‍ಯಾಮ್ (ತಾತ್ಕಾಲಿಕ ನೆನಪಿನ ಕಡ್ಡಿ) ಸಾಮಾನ್ಯವಾಗಿ ಬದುಕಿದೆ ಅಂತ್ಲೇ ಲೆಕ್ಕ, ಅರ್ಧ ಚಿಂತೆ ಅಲ್ಲಿಗೇ ಹೋಯ್ತು.

ಏನೂ ಆಗದಿದ್ರೆ ಕರೆಂಟಿನಿಂದ ಶುರು ಮಾಡಿ. ಯುಪಿಎಸ್ ತೆಗೆದು ನೇರ ಗೋಡೆ ಸಾಕೆಟ್ಟಿಗೆ ಹಾಕಿ ನೋಡಿ, ಯಾಕಂದ್ರೆ ಯುಪಿಎಸ್ ಒಳಗಿನ 12 ವೋಲ್ಟಿನ ಸಣ್ಣ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸುಸ್ತಾಗ್ತದೆ, ಆಮೇಲೆ ಲೈಟ್ ಹಸಿರು ಉರಿತಿದ್ರೂ ಲೋಡ್ ಬಿದ್ದ ತಕ್ಷಣ ಕೈ ಕೊಡ್ತದೆ. ಕ್ಯಾಬಿನೆಟ್ ಹಿಂದೆ ಎಸ್‌ಎಂಪಿಎಸ್ (ಗೋಡೆ ಕರೆಂಟನ್ನ ಮಷೀನಿಗೆ ಬೇಕಾದ ಹಾಗೆ ಬದಲಾಯಿಸೋ ಡಬ್ಬ) ಹತ್ರ ಒಂದು ಸಣ್ಣ ಸ್ವಿಚ್ ಇರ್ತದೆ, ಗುಡಿಸೋವಾಗ ಪೊರಕೆ ತಾಗಿ ಆಫ್ ಆಗಿರಬಹುದು. ಆಮೇಲೆ ವೋಲ್ಟೇಜು. ನಮಗೆ 230 ಬರಬೇಕು, ಆದ್ರೆ ಲೈನಿನ ತುದಿ ಮನೆಗಳಲ್ಲಿ ಸಂಜೆ ಪಂಪ್‌ಸೆಟ್ ಎಲ್ಲಾ ಓಡೋವಾಗ 170ಕ್ಕೆ ಇಳಿದ್ರೆ ಕಡಿಮೆ ರೇಟಿನ ಎಸ್‌ಎಂಪಿಎಸ್ ಎತ್ತೋದೇ ಇಲ್ಲ. ಎಸ್‌ಎಂಪಿಎಸ್ ಮೇಲಿನ ಸ್ಟಿಕ್ಕರ್ ಓದಿ, ಇನ್‌ಪುಟ್ ಅಂತ ಇರೋ ಜಾಗದಲ್ಲಿ 100 ರಿಂದ 240 ಅಂತ ಇದ್ರೆ ಲೋ ವೋಲ್ಟೇಜ್ ತಡೀತದೆ, 200 ರಿಂದ 240 ಅಂತ ಇದ್ರೆ ತಡಿಯಲ್ಲ, ಹೊಸದು ತಗೊಳೋವಾಗ ಇದನ್ನ ಮರೀಬೇಡಿ. ರಾತ್ರಿ ಆನ್ ಆಗದೇ ಇದ್ದದ್ದು ಬೆಳಿಗ್ಗೆ ತಾನೇ ಆನ್ ಆಯ್ತು ಅಂದ್ರೆ ಮೊದಲ ಅನುಮಾನ ವೋಲ್ಟೇಜ್ ಮೇಲೇ ಇರಲಿ. ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದೋರಿಗೆ ಇನ್ನೊಂದು ಕಿರಿಕಿರಿ, ಕೆಲವು ಒಳ್ಳೇ ಎಸ್‌ಎಂಪಿಎಸ್ಸುಗಳು ಆ ಕರೆಂಟಿಗೆ ಒಗ್ಗಲ್ಲ, ಕರೆಂಟು ಇನ್ವರ್ಟರಿಗೆ ಬದಲಾದ ಕ್ಷಣಕ್ಕೇ ಆಫ್ ಆಗ್ತವೆ.

ಕ್ಯಾಬಿನೆಟ್ ಮುಟ್ಟಿದ್ರೆ ಕೈ ಜುಮ್ಮ್ ಅಂತದಾ? ಹಾಗಿದ್ರೆ ಅರ್ಥಿಂಗ್ ಇಲ್ಲ. ಹಳೇ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇರ್ತದೆ ಮೇಲಿನ ದಪ್ಪ ತೂತಿಗೆ ವೈರೇ ಇರಲ್ಲ. ಅದು ಜೀವಕ್ಕೂ ಅಪಾಯ ಮಷೀನಿಗೂ ಅಪಾಯ, ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸೋವರೆಗೂ ಮುಂದೆ ಹೋಗಬೇಡಿ.

ಈಗ ಬಿಚ್ಚೋದು. ಪವರ್ ಕೇಬಲ್ ಪೂರ್ತಿ ಕಿತ್ತು, ಆಮೇಲೆ ಪವರ್ ಬಟನ್ನನ್ನ ಅರ್ಧ ನಿಮಿಷ ಒತ್ತಿ ಹಿಡೀರಿ, ಬೋರ್ಡಲ್ಲಿ ಉಳಿದ ಚಾರ್ಜ್ ಇಳೀತದೆ. ಎಷ್ಟೋ ಸಲ ಇಷ್ಟು ಮಾಡಿ ಕೇಬಲ್ ಹಾಕಿದ್ರೇ ಆನ್ ಆಗಿಬಿಡ್ತದೆ. ಆಗ್ಲಿಲ್ಲ ಅಂದ್ರೆ ಎಡಗಡೆ ಬಾಗಿಲು ತೆಗೆದು ಟಾರ್ಚ್ ಹಾಕಿ ನೋಡಿ. ಇರುವೆ ಗೂಡು, ಜಿರಳೆ, ಒಣಗಿದ ಹಲ್ಲಿ, ಬಚ್ಚಲೊಲೆ ಪಕ್ಕದ ಕೋಣೆ ಆದ್ರೆ ಹೊಗೆ ಮಸಿ, ಇವೆಲ್ಲಾ ಸಿಗ್ತವೆ. ಬೋರ್ಡ್ ಮೇಲಿನ ಕೆಪಾಸಿಟರ್ ಡಬ್ಬಿಗಳ ತಲೆ ಚಪ್ಪಟೆಯಾಗಿರಬೇಕು, ಉಬ್ಬಿದ್ರೆ ಅಥವಾ ಕಂದು ಅಂಟು ಸೋರಿದ್ರೆ ಅದು ಅಂಗಡಿ ಕೆಲಸವೇ. ಒಣ ಬ್ರಷ್‌ನಿಂದ ಮೆತ್ತಗೆ ಧೂಳು ಹೊಡೀರಿ, ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡ್ಕೊಂಡು. ಎಸ್‌ಎಂಪಿಎಸ್ ಡಬ್ಬವನ್ನ ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ 300 ವೋಲ್ಟ್ ಆಸುಪಾಸು ನಿಂತಿರಬಹುದು.

ಎಸ್‌ಎಂಪಿಎಸ್ ಬದುಕಿದ್ಯಾ ಅಂತ ನೋಡೋಕೆ ಒಳಗೆ ಹೋಗೋದೇ ಬೇಡ. ಬೋರ್ಡಿಗೆ ಹೋಗೋ 24 ಪಿನ್ನಿನ ದೊಡ್ಡ ಕನೆಕ್ಟರನ್ನೂ ಉಳಿದ ಎಲ್ಲಾ ಕನೆಕ್ಟರನ್ನೂ ಕಿತ್ತು, ಪ್ಲಗ್ ಹಾಕೋ ಮುಂಚೆಯೇ, ಆ 24ರಲ್ಲಿ ಹಸಿರು ವೈರಿನ ತೂತಿಗೂ ಅದರ ಪಕ್ಕದ ಕಪ್ಪು ವೈರಿನ ತೂತಿಗೂ ಒಂದು ಪೇಪರ್ ಕ್ಲಿಪ್ ಬಗ್ಗಿಸಿ ಸಿಕ್ಕಿಸಿ, ಕೈ ತೆಗೆದು ಆಮೇಲೆ ಸ್ವಿಚ್ ಹಾಕಿ. ಫ್ಯಾನ್ ತಿರುಗಿದ್ರೆ ಜೀವ ಇದೆ. ಮಲ್ಟಿಮೀಟರ್ ಇದ್ರೆ ಹಳದಿ ವೈರಿಗೂ ಕಪ್ಪಿಗೂ 11.4 ರಿಂದ 12.6 ಒಳಗೆ ಬರಬೇಕು, ಕೆಂಪಿಗೂ ಕಪ್ಪಿಗೂ 5ರ ಹತ್ತಿರ. ವೈರೆಲ್ಲಾ ಕಪ್ಪೇ ಇರೋ ಎಸ್‌ಎಂಪಿಎಸ್ ಆದ್ರೆ ಈ ಪರೀಕ್ಷೆ ಬಿಟ್ಬಿಡಿ, ಅಂದಾಜಲ್ಲಿ ಕ್ಲಿಪ್ ಸಿಕ್ಕಿಸೋದು ಬೇಡ. ಎಸ್‌ಎಂಪಿಎಸ್ ಸರಿ ಇದ್ದು ಮಷೀನ್ ಮಾತ್ರ ಏಳಲ್ಲ ಅಂದ್ರೆ ಎದುರಿನ ಪವರ್ ಬಟನ್ನೇ ತುಕ್ಕು ಹಿಡಿದಿರಬಹುದು, ಇದು ಮಲೆನಾಡಲ್ಲಿ ಮಾಮೂಲು. ಬೋರ್ಡಿನ ಮೂಲೇಲಿ ಪವರ್ ಸ್ವಿಚ್ಚಿನ ಸಣ್ಣ ವೈರ್ ಕಿತ್ತು ಆ ಎರಡು ಪಿನ್ನಿಗೆ ರೀಸೆಟ್ ಬಟನ್ನಿನ ವೈರ್ ಹಾಕಿ, ಇನ್ಮುಂದೆ ರೀಸೆಟ್ ಬಟನ್ನೇ ಪವರ್ ಬಟನ್. ಒಂದು ರೂಪಾಯಿ ಖರ್ಚಿಲ್ಲ.

ಫ್ಯಾನ್ ತಿರುಗ್ತದೆ, ಡಿಸ್‌ಪ್ಲೇ ಇಲ್ಲ. ಮಳೆಗಾಲದಲ್ಲಿ ಹೆಚ್ಚಾಗಿ ಕಾಡೋದು ಇದೇ, ಇದಕ್ಕೆ ಸ್ವಲ್ಪ ತಾಳ್ಮೆ ಬೇಕು. ಮಾನಿಟರ್ ಬೇರೆ ಇನ್‌ಪುಟ್ ಮೇಲೆ ಇದ್ಯಾ ನೋಡಿ, ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ರೆ ಕೇಬಲ್ ಅದಕ್ಕೇ ಹಾಕಿರಬೇಕು ಬೋರ್ಡಿಗಲ್ಲ. ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನ ಪವರ್ ಕನೆಕ್ಟರ್ ಗಟ್ಟಿ ಕೂತಿದ್ಯಾ ನೋಡಿ, ಅದು ಸಡಿಲ ಆದ್ರೂ ಫ್ಯಾನ್ ತಿರುಗ್ತದೆ ಆದ್ರೆ ಪ್ರೊಸೆಸರಿಗೆ ಕರೆಂಟೇ ಇರಲ್ಲ. ಆಮೇಲೆ ರ್‍ಯಾಮ್. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳೋ ಊರುಗಳಲ್ಲಿ ಚಪ್ಪಲಿ ಬೆಲ್ಟಿಗೆಲ್ಲಾ ಬೂಷ್ಟು ಬರ್ತದೆ, ಆ ಗಾಳಿಯೇ ಕ್ಯಾಬಿನೆಟ್ ಒಳಗೂ ಇರೋದು, ರ್‍ಯಾಮಿನ ಬಂಗಾರದ ಬಣ್ಣದ ಹಲ್ಲುಗಳ ಮೇಲೆ ಕಣ್ಣಿಗೆ ಕಾಣದ ಪದರ ಕಟ್ಟಿ ಸ್ಲಾಟಿನ ಜೊತೆ ಸಂಪರ್ಕ ಸಿಗಲ್ಲ. ಎರಡೂ ತುದಿಯ ಕ್ಲಿಪ್ ಒತ್ತಿ ರ್‍ಯಾಮ್ ಎತ್ತಿ (ಅದಕ್ಕೆ ಮುಂಚೆ ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಕಬ್ಬಿಣ ಒಂದ್ಸಲ ಮುಟ್ಟಿ, ಮೈಯ ಸ್ಟ್ಯಾಟಿಕ್ ಹೋಗ್ತದೆ), ದೂರ ತಗೊಂಡ್ಹೋಗಿ ಬಿಳಿ ರಬ್ಬರಿನಿಂದ ಆ ಹಲ್ಲುಗಳನ್ನ ಎರಡೂ ಕಡೆ ಮೆತ್ತಗೆ ಉಜ್ಜಿ, ಪುಡಿಯನ್ನ ಬ್ರಷ್‌ನಿಂದ ತೆಗೀರಿ. ಕ್ಯಾಬಿನೆಟ್ ಮೇಲೇ ಉಜ್ಜಿದ್ರೆ ಪುಡಿ ಸ್ಲಾಟಿಗೇ ಬೀಳ್ತದೆ. ಬಾಯಲ್ಲಿ ಊದಬೇಡಿ, ಥಂಡಿ ತೆಗೀಲಿಕ್ಕೆ ಹೋಗಿ ಎಂಜಲು ಸೇರಿಸಿದ ಹಾಗೆ. ಸ್ಯಾನಿಟೈಸರ್ ಹಾಕಬೇಡಿ, ಅದರಲ್ಲಿ ನೀರು ಇರ್ತದೆ, ಅಂಟೂ ಉಳೀತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಅಥವಾ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಆದ್ರೆ ಆಗ್ತದೆ, ಪೂರ್ತಿ ಆರಿದ ಮೇಲೆ ಕರೆಂಟ್ ಕೊಡಿ.

ವಾಪಸ್ ಹಾಕೋವಾಗ ಒಂದೇ ಒಂದು ರ್‍ಯಾಮ್ ಹಾಕಿ, ಟಕ್ ಅಂತ ಕ್ಲಿಪ್ ಬೀಳೋವರೆಗೂ ಒತ್ತಿ, ಆನ್ ಮಾಡಿ. ಬರ್ಲಿಲ್ವಾ, ಇನ್ನೊಂದು ಸ್ಲಾಟು. ಆಮೇಲೆ ಇನ್ನೊಂದು ರ್‍ಯಾಮು. ಹೀಗೆ ಒಂದೊಂದೇ ಬದಲಾಯಿಸಿದ್ರೆ ಕೆಟ್ಟಿರೋದು ಕಡ್ಡಿಯಾ ಸ್ಲಾಟಾ ಅಂತ ತಾನೇ ಗೊತ್ತಾಗ್ತದೆ, ಪ್ರತಿ ಸಲ ಬದಲಾಯಿಸೋವಾಗ್ಲೂ ಪ್ಲಗ್ ಕಿತ್ತಿರಬೇಕು. ಬೋರ್ಡಲ್ಲಿ ಸಣ್ಣ ಸ್ಪೀಕರ್ ಇದ್ರೆ ಉದ್ದುದ್ದ ಬೀಪ್ ಮತ್ತೆ ಮತ್ತೆ ಬರೋದು ಹೆಚ್ಚಾಗಿ ರ್‍ಯಾಮಿನದ್ದೇ ಕೂಗು. ಹೊಸ ಬೋರ್ಡುಗಳಲ್ಲಿ ಸಿಪಿಯು, ಡಿರ್‍ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಸಣ್ಣ ಎಲ್ಇಡಿ ಇರ್ತವೆ, ಯಾವುದರ ಮೇಲೆ ಉರೀತಾ ನಿಲ್ತದೋ ತೊಂದರೆ ಅಲ್ಲಿ.

ಅಷ್ಟಕ್ಕೂ ಬರ್ಲಿಲ್ಲ ಅಂದ್ರೆ ಬೋರ್ಡ್ ಮೇಲಿನ ನಾಣ್ಯದ ಆಕಾರದ ಸೆಲ್, ಸಿಆರ್2032 ಅಂತಾರೆ, ಸಾಮಾನ್ಯವಾಗಿ ವಾಚ್ ರಿಪೇರಿ ಅಂಗಡೀಲೂ ಸಿಗ್ತದೆ. 3 ವೋಲ್ಟ್ ಇರಬೇಕು, 2.7ಕ್ಕಿಂತ ಕೆಳಗಿದ್ರೆ ಬದಲಾಯಿಸಿ. ಪ್ಲಗ್ ಕಿತ್ತು ಸೆಲ್ ತೆಗೆದು ಹತ್ತು ನಿಮಿಷ ಬಿಟ್ರೆ ಬಯಾಸ್ (ವಿಂಡೋಸಿಗೂ ಮುಂಚೆ ಮಷೀನ್ ಎಬ್ಬಿಸೋ ಪ್ರೋಗ್ರಾಂ) ಸೆಟ್ಟಿಂಗ್ ಅಳಿಸಿ ಹೊಸದಾಗಿ ಶುರುವಾಗ್ತದೆ, ಕಪ್ಪು ಸ್ಕ್ರೀನ್ ಅದರಲ್ಲೇ ಹೋಗೋದೂ ಉಂಟು. ಪ್ರತಿ ಸಲ ಎಫ್1 ಒತ್ತಿ ಅಂತ ಕೇಳ್ತಿದ್ರೆ, ತಾರೀಕು ಹಿಂದಕ್ಕೆ ಹೋಗಿ ಬ್ಯಾಂಕ್ ಸೈಟುಗಳು ಸುರಕ್ಷಿತ ಅಲ್ಲ ಅಂತ ತೆರೀದೇ ಇದ್ರೆ ಅದಕ್ಕೂ ಹೆಚ್ಚಾಗಿ ಈ ಸೆಲ್ಲೇ ಕಾರಣ. ಆದ್ರೆ ಒಂದು ಎಚ್ಚರಿಕೆ, ಸೆಲ್ ತೆಗೆಯೋ ಮುಂಚೆ ಇದನ್ನ ಓದಿ: ಮೊದಲು ಲೆಗಸಿ (ಹಳೇ ರೀತಿ ಶುರುವಾಗೋ) ಮೋಡಲ್ಲಿ ಹಾಕಿದ್ದ ವಿಂಡೋಸು ಬಯಾಸ್ ಹೊಸದಾದ ಮೇಲೆ ಯುಇಎಫ್ಐ (ಹೊಸ ರೀತಿಯ) ಮೋಡಿಗೆ ಹೋಗಿ ಡಿಸ್ಕೇ ಇಲ್ಲ ಅನ್ನಬಹುದು, ಸಾಟಾ (ಡಿಸ್ಕು ಬೋರ್ಡಿಗೆ ಸೇರೋ ದಾರಿ) ಮೋಡ್ ಬದಲಾಗಿ ನೀಲಿ ಸ್ಕ್ರೀನ್ ಬರಬಹುದು. ಡಿಸ್ಕ್ ಹೋಗಿಲ್ಲ, ಬಯಾಸಿಗೆ ಹೋಗಿ ಆ ಎರಡನ್ನ ಮೊದಲಿನ ಹಾಗೆ ಮಾಡಿದ್ರೆ ಆಯ್ತು. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) ಆನ್ ಇದ್ರೆ 48 ಅಂಕಿಯ ರಿಕವರಿ ಕೀ ಕೇಳಬಹುದು, ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಲ್ಲಿ ಇರ್ತದೆ, ಫೋನಲ್ಲಿ ಲಾಗಿನ್ ಆಗಿ ನೋಡಬಹುದು.

ಆನ್ ಆಗಿ ಐದು ಹತ್ತು ನಿಮಿಷಕ್ಕೆ ಆಫ್ ಆಗೋದು ಹೆಚ್ಚಾಗಿ ಬಿಸಿ. ಪ್ರೊಸೆಸರ್ ಮೇಲಿನ ಹೀಟ್‌ಸಿಂಕಿನ (ಬಿಸಿ ಎಳೆಯೋ ಲೋಹದ ತುಂಡು) ನಾಲ್ಕು ಪ್ಲಾಸ್ಟಿಕ್ ಪಿನ್ನಲ್ಲಿ ಒಂದು ಎದ್ದಿದ್ರೂ ಸಾಕು. ಬಸ್ಸಲ್ಲಿ ಘಾಟಿ ತಿರುವುಗಳಲ್ಲಿ ಕುಲುಕಿಸ್ಕೊಂಡು ಬಂದ ಮಷೀನುಗಳಲ್ಲಿ ಇದನ್ನ ಮೊದಲು ನೋಡಿ. ಬಿಚ್ಚಿದ್ರೆ ಹಳೇ ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿ ದಾಟಿಸೋಕೆ ನಡುವೆ ಹಚ್ಚೋ ಲೇಪ) ಒರೆಸಿ, ಹೊಸದು ಬಟಾಣಿ ಕಾಳಿನಷ್ಟು ಹಾಕಿ ಕೂರಿಸಿ.

ಬೂಟ್ ಡಿವೈಸ್ ಸಿಗ್ಲಿಲ್ಲ ಅಂತ ಬಂದ್ರೆ ಮೊದಲು ಸಿಕ್ಕಿಸಿದ ಪೆನ್‌ಡ್ರೈವ್ ಕೀಳಿ. ಆಮೇಲೆ ಸಾಟಾ ಕೇಬಲ್ ಎರಡೂ ಕಡೆ ಕಿತ್ತು ಹಾಕಿ, ಬಯಾಸಲ್ಲಿ ಡಿಸ್ಕಿನ ಹೆಸರು ಕಾಣ್ತದಾ ನೋಡಿ. ಹಾರ್ಡ್ ಡಿಸ್ಕು ಟಿಕ್ ಟಿಕ್ ಅಂತ ಶಬ್ದ ಮಾಡ್ತಿದ್ರೆ ದಯವಿಟ್ಟು ಅಲ್ಲೇ ನಿಲ್ಸಿ, ಮತ್ತೆ ಮತ್ತೆ ಆನ್ ಮಾಡಬೇಡಿ, ಚೆಕ್ ಡಿಸ್ಕ್ (ವಿಂಡೋಸಿನ ಡಿಸ್ಕ್ ಪರೀಕ್ಷೆ) ಓಡಿಸಬೇಡಿ. ಅದರಲ್ಲಿ ಅಡಿಕೆ ಲೆಕ್ಕ, ಸೊಸೈಟಿ ಫೈಲು, ಮದುವೆ ಫೋಟೋ ಏನಿದೆಯೋ, ಅದು ಬೇಕೇ ಬೇಕು ಅಂದ್ರೆ ಡೇಟಾ ರಿಕವರಿ ಮಾಡೋರ ಹತ್ರವೇ ತಗೊಂಡ್ಹೋಗಿ. ಶಬ್ದ ಇಲ್ಲದೆ ವಿಂಡೋಸ್ ಮಾತ್ರ ಏಳದಿದ್ರೆ ಬೇರೆ ಕಂಪ್ಯೂಟರಲ್ಲಿ ಒಂದು 8 ಜಿಬಿ ಪೆನ್‌ಡ್ರೈವಿಗೆ ಉಬುಂಟು (ವಿಂಡೋಸ್ ತರದ್ದೇ ಇನ್ನೊಂದು ಉಚಿತ ಆಪರೇಟಿಂಗ್ ಸಿಸ್ಟಂ) ಹಾಕ್ಕೊಂಡು ಬಂದು, ಇನ್‌ಸ್ಟಾಲ್ ಮಾಡದೆ ಟ್ರೈ ಮಾಡೋ ಆಯ್ಕೆಯಲ್ಲಿ ತೆರೆದು, ಫೈಲೆಲ್ಲಾ ಇನ್ನೊಂದು ಡಿಸ್ಕಿಗೆ ಕಾಪಿ ಮಾಡ್ಕೊಳ್ಳಿ. ರಿಪೇರಿ ಆಮೇಲೆ.

ವಿಂಡೋಸ್ ರಿಪೇರಿಗೆ, ಲೋಗೋ ತಿರುಗೋವಾಗ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಹೀಗೆ ಎರಡು ಮೂರು ಸಲ ಮಾಡಿದ್ರೆ ಅದೇ ರಿಪೇರಿ ಸ್ಕ್ರೀನಿಗೆ ಹೋಗ್ತದೆ. ಟ್ರಬಲ್‌ಶೂಟ್ ಒಳಗೆ ಅಡ್ವಾನ್ಸ್ಡ್ ಆಪ್ಷನ್ಸಲ್ಲಿ ಮೊದಲು ಸ್ಟಾರ್ಟಪ್ ರಿಪೇರ್, ಆಗ್ಲಿಲ್ಲ ಅಂದ್ರೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ (ಅಪ್‌ಡೇಟ್ ಆಗೋ ಮಧ್ಯ ಕರೆಂಟ್ ಹೋದ ಮಷೀನಿಗೆ ಇದು ಕೆಲಸ ಮಾಡಬಹುದು), ಆಮೇಲೆ ಸಿಸ್ಟಂ ರಿಸ್ಟೋರ್. ಸ್ಟಾರ್ಟಪ್ ಸೆಟ್ಟಿಂಗ್ಸಿಂದ ರೀಸ್ಟಾರ್ಟ್ ಕೊಟ್ಟು 4 ಒತ್ತಿದ್ರೆ ಸೇಫ್ ಮೋಡ್. ಫಾರ್ಮ್ಯಾಟ್ ಅನ್ನೋದು ಕೊನೇ ಆಯ್ಕೆ.

ಸರಿ ಆದ ಮೇಲೆ ಮಳೆ ಮುಗಿಯೋವರೆಗೂ ದಿನಾ ಒಂದು ಗಂಟೆ ಆದ್ರೂ ಮಷೀನ್ ಆನ್ ಮಾಡಿಡಿ, ಅದರ ಬಿಸಿಯೇ ಥಂಡಿ ಓಡಿಸ್ತದೆ. ಬಟ್ಟೆ ಮುಚ್ಚೋದಾದ್ರೆ ಆಫ್ ಮಾಡಿ ಆರಿದ ಮೇಲೆ. ನೆಲದ ಮೇಲೆ ಇಡಬೇಡಿ, ಥಂಡಿ ಹಿಡಿದ ಗೋಡೆಗೆ ತಾಗಿಸಿ ಇಡಬೇಡಿ, ಹಿಂದೆ ತೆರೆದಿರೋ ಪಟ್ಟಿಗಳಿಂದ ಹಲ್ಲಿ ಹೋಗದ ಹಾಗೆ ಸಣ್ಣ ಕಣ್ಣಿನ ಜಾಲರಿ ಹಾಕಿ. ಗುಡುಗು ಕೇಳಿಸ್ತು ಅಂದ್ರೆ ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ, ಪ್ಲಗ್ ಕೀಳಿ, ಜೊತೆಗೆ ಲ್ಯಾನ್ ಕೇಬಲ್ಲೂ ಕೀಳಿ, ಸಿಡಿಲು ರೂಟರ್ ಕಡೆಯಿಂದ ಬಂದು ಬೋರ್ಡ್ ಸುಡೋದು ಜನರಿಗೆ ಹೊಳೆಯೋದೇ ಇಲ್ಲ. ಮುಂಗಾರು ಶುರುವಾಗೋ ಮುಂಚಿನ ಏಪ್ರಿಲ್ ಮೇ ತಿಂಗಳಲ್ಲಿ ಇದು ಇನ್ನೂ ಮುಖ್ಯ.

ಇಷ್ಟೆಲ್ಲಾ ಮಾಡಿಯೂ ಏಳದಿದ್ರೆ ಆಗ ಶಿವಮೊಗ್ಗಕ್ಕೆ ತಗೊಂಡ್ಹೋಗಿ. ಬೋರ್ಡಿನ ತೊಂದರೆ ಅಂತ ಗೊತ್ತಿದ್ರೆ ಹಾರ್ಡ್ ಡಿಸ್ಕ್ ಬಿಚ್ಚಿ ಮನೇಲೇ ಇಟ್ಟು ಹೋಗಿ, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ರೆ ಅದನ್ನೂ ಬಿಚ್ಚಿ ಬೇರೆ ಬಟ್ಟೇಲಿ ಸುತ್ತಿ, ಕ್ಯಾಬಿನೆಟ್ ಮಲಗಿಸಿ ತಗೊಂಡ್ಹೋಗಿ, ಬೋರ್ಡ್ ಕೆಳಗೆ ಬರೋ ಹಾಗೆ. ಏನೇನು ನೋಡಿದ್ರಿ ಅಂತ ಒಂದು ಚೀಟೀಲಿ ಬರ್ಕೊಂಡು ಹೋಗಿ ಅವರ ಎದುರಿಗೇ ಓದಿ ಹೇಳಿ, ರ್‍ಯಾಮ್ ಎರಡೂ ಸ್ಲಾಟಲ್ಲಿ ನೋಡಿದೀನಿ, ಎಸ್‌ಎಂಪಿಎಸ್ಸಲ್ಲಿ ಇಷ್ಟು ವೋಲ್ಟ್ ಬರ್ತದೆ, ಸೆಲ್ ಹೊಸದು ಅಂತ. ಯಾವ ಪಾರ್ಟ್ ಬದಲಾಯಿಸಿದ್ರೂ ಹಳೇದನ್ನ ವಾಪಸ್ ಕೇಳಿ ತಗೊಳ್ಳಿ.