ಕೆನಡಾಕ್ಕೆ ಹೊರಟಿದ್ದೀರಾ? ಮನೆಯಲ್ಲಿ ಅಂಗವಿಕಲರಿದ್ದರೆ ಇದನ್ನು ಓದಿ

ನಾವು ಕೆನಡಾದಲ್ಲಿ ನೆಲೆಸಿ ಬಹಳ ವರ್ಷಗಳಾದವು. ದಾವಣಗೆರೆಗೆ ಬಂದಾಗಲೆಲ್ಲ ಅಲ್ಲಿಗೆ ಹೊರಟವರು ಸಿಗುತ್ತಾರೆ. ವೀಸಾ, ಕೆಲಸ, ಚಳಿ ಬಗ್ಗೆ ಎಲ್ಲರೆದುರೇ ಕೇಳುತ್ತಾರೆ. ಮನೆಯಲ್ಲಿ ಅಂಗವಿಕಲ ಮಗನೋ ಮಗಳೋ ಇದ್ದವರು ಮಾತ್ರ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರೆ: 'ಅಲ್ಲಿ ಸರ್ಕಾರದಿಂದ ಏನಾದ್ರೂ ಸಿಗುತ್ತಾ?' ಸಿಗುತ್ತದೆ. ಇದು ಮೆಲ್ಲಗೆ ಕೇಳಬೇಕಾದ ವಿಷಯವೂ ಅಲ್ಲ.

ಯೋಜನೆಯ ಹೆಸರು ಕೆನಡಾ ಡಿಸೆಬಿಲಿಟಿ ಬೆನಿಫಿಟ್. 18ರಿಂದ 64 ವರ್ಷದೊಳಗಿನ, ಕಡಿಮೆ ಆದಾಯದ ಅಂಗವಿಕಲರಿಗೆ ಇದು. 2023ರಲ್ಲಿ ಕಾನೂನಾಯಿತು, 2025ರ ಜುಲೈನಿಂದ ಹಣ ಬರತೊಡಗಿತು. ಶುರುವಿನಲ್ಲಿ ಇಟ್ಟ ಮೊತ್ತ ತಿಂಗಳಿಗೆ ಹೆಚ್ಚೆಂದರೆ 200 ಡಾಲರ್. ಅಲ್ಲಿನ ಮನೆ ಬಾಡಿಗೆಯ ಮುಂದೆ ಇದು ತೀರಾ ಕಡಿಮೆ, ಅದನ್ನು ನಾನು ಒಪ್ಪುತ್ತೇನೆ. ಆದರೂ ಹಕ್ಕಿನ ಹಣ, ಬಿಡಬೇಡಿ.

ಈ ಹಣಕ್ಕೆ ಮೊದಲು ಡಿಸೆಬಿಲಿಟಿ ಟ್ಯಾಕ್ಸ್ ಕ್ರೆಡಿಟ್, ಅಂದರೆ ಅಂಗವಿಕಲರಿಗಿರುವ ತೆರಿಗೆ ರಿಯಾಯಿತಿ, ಮಂಜೂರಾಗಿರಬೇಕು. ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲೇ. ದಾವಣಗೆರೆಯಲ್ಲಿ ಎಲ್ಲವೂ ಶೇಕಡಾ ಲೆಕ್ಕ. ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಿ ತಪಾಸಣೆ ಆಗುತ್ತದೆ, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಬರುತ್ತದೆ, ಶೇ 40 ಇದ್ದರೆ ಮಾಸಾಶನ 800 ರೂಪಾಯಿ, ಶೇ 75 ದಾಟಿದರೆ 1,400. ಕೆನಡಾದಲ್ಲಿ ಆ ಶೇಕಡಾ ಯಾರೂ ಕೇಳುವುದಿಲ್ಲ. ಕಾಯಿಲೆಯ ಹೆಸರೊಂದೇ ಇದ್ದರೂ ಸಾಲದು. ಅವರು ನೋಡುವುದು ದಿನ ಹೇಗೆ ಕಳೆಯುತ್ತದೆ ಎಂದು. ನಡೆಯಲು, ಬಟ್ಟೆ ಹಾಕಿಕೊಳ್ಳಲು, ಊಟ ಮಾಡಲು, ನೋಡಲು, ಕೇಳಿಸಿಕೊಳ್ಳಲು, ಮಾತಾಡಲು, ಶೌಚಕ್ಕೆ, ನೆನಪಿಟ್ಟುಕೊಂಡು ನಿರ್ಧಾರ ಮಾಡಲು ಎಷ್ಟು ಕಷ್ಟ? ಔಷಧಿ, ಊರುಗೋಲು, ಶ್ರವಣಯಂತ್ರ ಇದ್ದ ಮೇಲೂ ಆಗುವುದಿಲ್ಲವಾ? ಬೇರೆಯವರಿಗಿಂತ ಮೂರು ಪಟ್ಟು ಹೊತ್ತು ಹಿಡಿಯುತ್ತದಾ? ಸುಮಾರು ಶೇ 90ರಷ್ಟು ಸಮಯ ಹೀಗೇ ಇರುತ್ತದಾ? ಕನಿಷ್ಠ 12 ತಿಂಗಳು ಇರುವ ತೊಂದರೆಯಾ? ಬೇರೆ ಬೇರೆ ಕಡೆ ಸ್ವಲ್ಪ ಸ್ವಲ್ಪ ತೊಂದರೆ ಇದ್ದು ಒಟ್ಟಿನಲ್ಲಿ ಭಾರವಾಗಿದ್ದರೂ ಅದನ್ನು ಪರಿಗಣಿಸುತ್ತಾರೆ.

ಇದನ್ನು ಬರೆಯುವುದು ಡಾಕ್ಟರ್ ಅಥವಾ ನರ್ಸ್ ಪ್ರಾಕ್ಟಿಷನರ್, ಟಿ2201 ಎಂಬ ಫಾರಂನಲ್ಲಿ. ಅವರೆದುರು ಕೂತಾಗ ನಮ್ಮ ಕಡೆಯವರು ಏನು ಹೇಳುತ್ತಾರೆ ಗೊತ್ತಾ? 'ಪರವಾಗಿಲ್ಲ ಡಾಕ್ಟ್ರೇ, ಹೇಗೋ ನಡೀತಿದೆ.' ನಡೆಯುತ್ತಿರುವುದು ಅಮ್ಮ ದಿನಾ ಬೆಳಿಗ್ಗೆ ಎಬ್ಬಿಸಿ, ಸ್ನಾನ ಮಾಡಿಸಿ, ಗುಂಡಿ ಹಾಕುವುದರಿಂದ! ಅದನ್ನು ಹೇಳಿ. ಅಮ್ಮ ಇಲ್ಲದ ದಿನ ಏನಾಗುತ್ತದೆ ಎಂದು ಹೇಳಿ. ಇದು ದೂರು ಹೇಳಿದಂತಲ್ಲ, ಮಗನ ಮರ್ಯಾದೆ ಕಳೆದಂತೆಯೂ ಅಲ್ಲ. ಹೆಚ್ಚು ಮಾಡಿ ಹೇಳಬೇಡಿ, ಮುಚ್ಚಿಡಲೂ ಬೇಡಿ. ಒಂದು ವಾರದ ದಿನಚರಿ ಬರೆದುಕೊಂಡು ಹೋಗಿ. ದಾವಣಗೆರೆಯ ಹಳೇ ರಿಪೋರ್ಟು, ಡಿಸ್ಚಾರ್ಜ್ ಸಾರಾಂಶ, ಸ್ಕ್ಯಾನ್ ಎಲ್ಲ ಹೊರಡುವ ಮೊದಲೇ ಜೋಡಿಸಿಟ್ಟುಕೊಳ್ಳಿ. ಯುಡಿಐಡಿ ಕಾರ್ಡು ಅಲ್ಲಿ ಫಾರಂನ ಬದಲಿಗೆ ನಡೆಯುವುದಿಲ್ಲ, ಆದರೆ ಈ ಕಾಗದಗಳು ಹೊಸ ಡಾಕ್ಟರಿಗೆ ತುಂಬಾ ಸಹಾಯ ಮಾಡುತ್ತವೆ.

ಈ ಹಣಕ್ಕೆ ಬೇಕಾದ ಎರಡನೆಯದು ತೆರಿಗೆ ರಿಟರ್ನ್. ಸಂಪಾದನೆ ಸೊನ್ನೆ ಇದ್ದರೂ ರಿಟರ್ನ್ ಸಲ್ಲಿಸಬೇಕು, ಗಂಡ ಅಥವಾ ಹೆಂಡತಿಯದೂ ಆಗಿರಬೇಕು. ಸಾಮಾನ್ಯವಾಗಿ ಕೊನೆಯ ದಿನ ಏಪ್ರಿಲ್ 30. ಕಡಿಮೆ ಆದಾಯದವರಿಗೆ ಸ್ವಯಂಸೇವಕರು ಉಚಿತವಾಗಿ ತುಂಬಿಕೊಡುವ ಶಿಬಿರಗಳಿವೆ. ಒಂದು ಮಾತು ನೆನಪಿರಲಿ: ಅಲ್ಲಿ ನೆಲೆಸಿದ ಮೇಲೆ ಜಗತ್ತಿನ ಯಾವ ಮೂಲೆಯ ಆದಾಯವನ್ನೂ ತೋರಿಸಬೇಕು. ಚನ್ನಗಿರಿಯ ಅಡಿಕೆ ತೋಟದ್ದು, ಚಿತ್ರದುರ್ಗದ ಮಳಿಗೆ ಬಾಡಿಗೆ, ಎಲ್ಲವೂ. ಇಲ್ಲಿ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ಅಲ್ಲಿ ಬಿಟ್ಟುಬಿಡುವಂತಿಲ್ಲ.

2025ರ ಜುಲೈನಿಂದ 2026ರ ಜೂನ್‌ವರೆಗಿನ ಲೆಕ್ಕ ಹೇಳುತ್ತೇನೆ. ಒಂಟಿಯಾಗಿದ್ದರೆ ವರ್ಷದ ಆದಾಯ 23,000 ಡಾಲರ್, ದಂಪತಿಗೆ ಇಬ್ಬರದೂ ಸೇರಿ 32,500 ದಾಟದಿದ್ದರೆ ಪೂರ್ತಿ ಹಣ. ದುಡಿದ ಹಣದಲ್ಲಿ ಮೊದಲ 10,000, ದಂಪತಿಗಾದರೆ 14,000, ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗಾಗಿ ಹಣ ನಿಂತೀತು ಎಂದು ಹೆದರಿ ಪಾರ್ಟ್ ಟೈಮ್ ಕೆಲಸ ಬಿಡಬೇಡಿ. ಒಂಟಿಯವರ ಆದಾಯ ಮಿತಿಗಿಂತ 2,000 ಜಾಸ್ತಿಯಾದರೆ ವರ್ಷಕ್ಕೆ 400 ಕಡಿತ, ಅಷ್ಟೇ.

ಪೌರರಿಗೆ, ಪಿಆರ್ (ಕಾಯಂ ನಿವಾಸಿ) ಆದವರಿಗೆ, ನಿರಾಶ್ರಿತರೆಂದು ರಕ್ಷಣೆ ಪಡೆದವರಿಗೆ ಇದು ಸಿಗುತ್ತದೆ. ವರ್ಕ್ ಪರ್ಮಿಟ್, ಸ್ಟಡಿ ಪರ್ಮಿಟ್ ಮೇಲಿದ್ದವರು ಹಿಂದಿನ 18 ತಿಂಗಳು ಅಲ್ಲೇ ವಾಸವಿದ್ದಿರಬೇಕು. ಈ ಹಣ ಪಡೆದರೆ ಪಿಆರ್ ಹೋಗುತ್ತದೆ ಅನ್ನುವುದು ಸುಮ್ನೆ ಹೆದರಿಕೆ.

ಪ್ರಾಂತ್ಯಗಳ ಸಹಾಯಧನ ಬೇರೆ, ಅದು ಇದಕ್ಕಿಂತ ದೊಡ್ಡದು. ಆಂಟೇರಿಯೊ ಈ 200 ಡಾಲರನ್ನು ತನ್ನ ಸಹಾಯಧನದಲ್ಲಿ ಮುರಿದುಕೊಳ್ಳುವುದಿಲ್ಲ. ಆಲ್ಬರ್ಟಾ ಮುರಿದುಕೊಳ್ಳುತ್ತದೆ. ಬಡವರ ತಟ್ಟೆಯಿಂದ ತುತ್ತು ತೆಗೆಯುವ ಈ ಕ್ರಮ ತಪ್ಪು ಎಂದೇ ನನ್ನ ಅಭಿಪ್ರಾಯ. ಗಂಡ ಅಥವಾ ಹೆಂಡತಿ ಸ್ಪಾನ್ಸರ್ ಮಾಡಿ ಕರೆಸಿಕೊಂಡಿದ್ದರೆ ಕ್ವಿಬೆಕ್ ಬಿಟ್ಟು ಉಳಿದ ಕಡೆ 3 ವರ್ಷ ನಿಮ್ಮ ಜೀವನದ ಖರ್ಚಿನ ಹೊಣೆ ಅವರ ಮೇಲಿರುತ್ತದೆ. ಅಂಥವರು ಪ್ರಾಂತ್ಯದ ಸಹಾಯ ಕೇಳುವ ಮೊದಲು ಉಚಿತ ಕಾನೂನು ನೆರವು ಕೇಂದ್ರದಲ್ಲಿ ವಿಚಾರಿಸಿ.

ಅರ್ಜಿಗೆ ಶುಲ್ಕವಿಲ್ಲ. ಕ್ರೆಡಿಟ್ ಮಾಡಿಸಿಕೊಡುತ್ತೇವೆ, ಬಂದದ್ದರಲ್ಲಿ ಪಾಲು ಕೊಡಿ ಎನ್ನುವವರು ಸಿಗುತ್ತಾರೆ. ಅವರ ಅಗತ್ಯವಿಲ್ಲ. ಡಾಕ್ಟರು ಫಾರಂ ತುಂಬಲು ಫೀಸು ಕೇಳಬಹುದು, ರಸೀದಿ ಇಟ್ಟುಕೊಳ್ಳಿ. ಕ್ರೆಡಿಟ್ ಮಂಜೂರಾದ ಮೇಲೆ ಸಿನ್ (ಸೋಷಿಯಲ್ ಇನ್ಶೂರೆನ್ಸ್) ಸಂಖ್ಯೆ, ಬ್ಯಾಂಕ್ ವಿವರ ಹಿಡಿದು ಸರ್ವಿಸ್ ಕೆನಡಾ ಕಚೇರಿಗೆ ಹೋಗಿ. ಫೋನಿನಲ್ಲೂ ಆನ್‌ಲೈನಿನಲ್ಲೂ ಆಗುತ್ತದೆ. ತಡವಾಯಿತು ಎಂದು ಕೈಬಿಡಬೇಡಿ. ಅರ್ಹತೆ ಇದ್ದ ತಿಂಗಳುಗಳಿಗೆ 24 ತಿಂಗಳವರೆಗಿನ ಬಾಕಿಯನ್ನೂ ಕೊಡುತ್ತಾರೆ, 2025ರ ಜುಲೈಗಿಂತ ಹಿಂದಿನದನ್ನು ಬಿಟ್ಟು.