ಸಾಂದ್ರತೆಯ ಲೆಕ್ಕ: ತೂಕ ಸರಿಯಿದ್ದರೂ ಗಾತ್ರದಲ್ಲಿ ಎಡವುವುದೇಕೆ

ಪ್ರಥಮ ಪಿಯುಸಿ ರಸಾಯನಶಾಸ್ತ್ರ ಶುರುವಾಗುವುದೇ ಅಳತೆ, ಏಕಮಾನ, ಸಾಂದ್ರತೆಗಳಿಂದ. ರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ. ಈ ಸೂತ್ರ ಮರೆಯುವವರು ಕಡಿಮೆ, ಆದರೂ ಉತ್ತರ ತಪ್ಪುತ್ತದೆ. ತಪ್ಪಿದ ಲೆಕ್ಕವನ್ನು ಬಿಡಿಸಿ ನೋಡಿ: ರಾಶಿಯ ಅಂಕಿ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಕೈಕೊಟ್ಟಿರುವುದು ಗಾತ್ರ. ಇದಕ್ಕೆ ಎರಡು ಕಾರಣ. ಕಾಗದದ ಮೇಲೆ ಏಕಮಾನ ಬದಲಿಸುವಾಗ ಗಾತ್ರಕ್ಕೆ ಘನ ಮಾಡಬೇಕು, ಅದು ಬಿಟ್ಟುಹೋಗುತ್ತದೆ. ಲ್ಯಾಬಿನಲ್ಲಿ ಅಳೆಯುವ ಜಾಡಿ ತಕ್ಕಡಿಯಷ್ಟು ಸೂಕ್ಷ್ಮವಾಗಿರುವುದಿಲ್ಲ. ಆದ್ದರಿಂದ ನಮ್ಮ ಗಮನದ ಮುಕ್ಕಾಲು ಪಾಲು ಗಾತ್ರಕ್ಕೇ ಸಲ್ಲಬೇಕು.

ಘನ ಮಾಡುವುದನ್ನು ಬಿಡಬೇಡಿ

1 ಮೀಟರ್ ಅಂದರೆ 100 ಸೆಂ.ಮೀ. ಹಾಗಾದರೆ 1 ಘನ ಮೀಟರ್ 100 ಘನ ಸೆಂ.ಮೀ. ಅಲ್ಲ, 100 × 100 × 100, ಅಂದರೆ 10 ಲಕ್ಷ ಘನ ಸೆಂ.ಮೀ. ಎಲ್ಲರಿಗೂ ಗೊತ್ತಿರುವ ವಿಷಯವೇ, ಆದರೆ ಪರೀಕ್ಷೆಯ ಅವಸರದಲ್ಲಿ ಜಾರುವುದು ಇಲ್ಲೇ.

ಮೈಸೂರು, ಮಂಡ್ಯದವರಿಗೆ ಇದನ್ನು ಅಭ್ಯಾಸ ಮಾಡಲು ಕೆಆರ್‌ಎಸ್ ಅಂಕಿಗಳಿಗಿಂತ ಒಳ್ಳೆಯ ಲೆಕ್ಕ ಬೇಕಿಲ್ಲ. ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ತುಂಬಿದಾಗ ಸಂಗ್ರಹ 49.452 ಟಿಎಂಸಿ. 1 ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಇದನ್ನು ಘನ ಮೀಟರ್‌ಗೆ ತರಬೇಕು. 1 ಅಡಿ ಎಂದರೆ ನಿಖರವಾಗಿ 0.3048 ಮೀಟರ್. ಒಂದೇ ಸಲ ಗುಣಿಸಿ ಸುಮ್ಮನಾದರೆ 30.48 ಕೋಟಿ ಬರುತ್ತದೆ, ಅದು ತಪ್ಪು. 0.3048ರ ಘನ 0.0283168, ಅದರಿಂದ ಗುಣಿಸಿದರೆ 1 ಟಿಎಂಸಿಗೆ 2.83 ಕೋಟಿ ಘನ ಮೀಟರ್. ತಪ್ಪು ಉತ್ತರ ಸರಿ ಉತ್ತರದ ಹತ್ತು ಪಟ್ಟಿಗೂ ಹೆಚ್ಚು. ಇಡೀ ಜಲಾಶಯಕ್ಕೆ 49.452 × 2.83168 ಕೋಟಿ, ಅಂದರೆ ಸುಮಾರು 140 ಕೋಟಿ ಘನ ಮೀಟರ್. 1 ಘನ ಮೀಟರ್ ನೀರಿನ ರಾಶಿ ಹೆಚ್ಚುಕಡಿಮೆ 1 ಟನ್ ಆದ್ದರಿಂದ ರಾಶಿಯೂ ಸುಮಾರು 140 ಕೋಟಿ ಟನ್. ಕಾಲುವೆಗೆ ಬಿಡುವ ನೀರಿನ ಲೆಕ್ಕದ ಕ್ಯೂಸೆಕ್ ಎಂದರೆ ಸೆಕೆಂಡಿಗೆ 1 ಘನ ಅಡಿ, 28.3 ಲೀಟರ್. ದಿನಕ್ಕೆ 86,400 ಸೆಕೆಂಡು. ಹಾಗಾಗಿ ಇಡೀ ದಿನ 11,574 ಕ್ಯೂಸೆಕ್ ಹರಿದರೆ 1 ಟಿಎಂಸಿ ಖಾಲಿ. ಈ ಲೆಕ್ಕವನ್ನು ಪತ್ರಿಕೆಯ ಅಂಕಿಗಳಿಟ್ಟುಕೊಂಡು ನೀವೇ ಮಾಡಿ ನೋಡಿ, ಏಕಮಾನ ಬದಲಿಸುವುದು ಕೈಗೆ ಹತ್ತುತ್ತದೆ.

ಬರೆಯುವ ಕ್ರಮ ಹೀಗಿರಲಿ. ಪ್ರತಿ ಅಂಕಿಯ ಪಕ್ಕದಲ್ಲೂ ಏಕಮಾನ ಬರೆಯಿರಿ, ಪರಿವರ್ತನೆಯನ್ನು ಭಿನ್ನರಾಶಿಯಾಗಿ ಇಡಿ, ಮೇಲೆ ಕೆಳಗೆ ಒಂದೇ ಏಕಮಾನ ಬಂದರೆ ಹೊಡೆದುಹಾಕಿ:

7.85 ಗ್ರಾಂ/ಘನ ಸೆಂ.ಮೀ. × (1 ಕೆ.ಜಿ. / 1000 ಗ್ರಾಂ) × (10,00,000 ಘನ ಸೆಂ.ಮೀ. / 1 ಘನ ಮೀ.) = 7850 ಕೆ.ಜಿ./ಘನ ಮೀ.

ಕೊನೆಗೆ ಉಳಿಯುವ ಏಕಮಾನ ನಿಮಗೆ ಬೇಕಾದದ್ದೇ ಆಗಿದ್ದರೆ ಭಿನ್ನರಾಶಿಗಳನ್ನು ತಲೆಕೆಳಗಾಗಿ ಇಟ್ಟಿಲ್ಲ ಎಂದರ್ಥ. ಗ್ರಾಂ/ಘನ ಸೆಂ.ಮೀ.ನಲ್ಲಿರುವುದನ್ನು 1000ದಿಂದ ಗುಣಿಸಿದರೆ ಕೆ.ಜಿ./ಘನ ಮೀ. ಸಿಗುತ್ತದೆ ಎಂದು ಬಾಯಿಪಾಠ ಮಾಡುವುದಕ್ಕಿಂತ ಈ ಸಾಲನ್ನು ಬರೆಯುವುದೇ ಮೇಲು. ಬಾಯಿಪಾಠದಲ್ಲಿ ಗುಣಿಸುವುದೋ ಭಾಗಿಸುವುದೋ ಎಂಬ ಗೊಂದಲ ಉಳಿದೇ ಉಳಿಯುತ್ತದೆ. ಉತ್ತರವನ್ನು ನೀರಿನ ಜೊತೆಗೂ ಹೋಲಿಸಿ: ನೀರು ಒಂದು ಏಕಮಾನದಲ್ಲಿ 1, ಇನ್ನೊಂದರಲ್ಲಿ 1000. ನೀರಿನಲ್ಲಿ ಮುಳುಗುವ ಲೋಹಕ್ಕೆ 0.785 ಬಂದಿದ್ದರೆ ಲೆಕ್ಕ ತಪ್ಪಿದೆ.

ಮಿ.ಲೀ. ಮತ್ತು ಘನ ಸೆಂ.ಮೀ. ಒಂದೇ. 1901ರಿಂದ 1964ರವರೆಗೆ ಲೀಟರನ್ನು 1 ಕೆ.ಜಿ. ನೀರಿನ ಗಾತ್ರವೆಂದು ಹೇಳುತ್ತಿದ್ದರು, ಆಗ ಕೂದಲೆಳೆಯ ವ್ಯತ್ಯಾಸವಿತ್ತು. 1964ರ ನಂತರ ಅದೂ ಇಲ್ಲ.

ಜಾಡಿಯಲ್ಲಿ ಮುಳುಗಿಸಿ ಅಳೆಯುವುದು

ಆಕಾರ ನೆಟ್ಟಗಿಲ್ಲದ ಘನವಸ್ತುವಿಗೆ ಇದೇ ದಾರಿ. ಕಬ್ಬಿಣದ ನಟ್‌ಗಳನ್ನೇ ತೆಗೆದುಕೊಳ್ಳಿ. ಮೊದಲು ಒಣಗಿದ ನಟ್‌ಗಳನ್ನು ತೂಗಿ, ಆಮೇಲೆ ನೀರಿಗೆ ಹಾಕಿ. ಕ್ರಮ ತಿರುಗಿಸಿದರೆ ಅಂಟಿದ ನೀರಿನ ತೂಕವೂ ಸೇರಿಕೊಳ್ಳುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಫ್ಯಾನಿನ ಗಾಳಿ ಬೀಳದಂತೆ ನೋಡಿಕೊಳ್ಳಿ, ಕೊನೆಯ ಅಂಕಿ ನಿಲ್ಲುವುದೇ ಇಲ್ಲ.

100 ಮಿ.ಲೀ. ಜಾಡಿಗೆ 50 ಮಿ.ಲೀ. ನೀರು ಹಾಕಿ. ಗಾಜಿನ ಜಾಡಿಯಲ್ಲಿ ನೀರು ಅಂಚಿಗೆ ಏರಿ ನಡುವೆ ತಗ್ಗಿರುತ್ತದೆ. ತಗ್ಗಿನ ತಳಕ್ಕೆ ಕಣ್ಣು ನೇರವಾಗಿರಬೇಕು. ಜಾಡಿಯನ್ನು ಕೈಯಲ್ಲೆತ್ತಿ ಹಿಡಿಯದೆ ಮೇಜಿನ ಮೇಲಿಟ್ಟು ನೀವೇ ಬಗ್ಗಿ ನೋಡಿ. ಮೇಲಿನಿಂದ ನೋಡಿದರೆ ಅಳತೆ ಹೆಚ್ಚಾಗಿ ಕಾಣುತ್ತದೆ. ನಟ್‌ಗಳನ್ನು ಮೇಲಿನಿಂದ ಬಿಟ್ಟರೆ ಜಾಡಿಯ ತಳ ಒಡೆಯುತ್ತದೆ, ನೀರೂ ಚಿಮ್ಮುತ್ತದೆ. ಜಾಡಿಯನ್ನು ಓರೆ ಮಾಡಿ ಗೋಡೆಯ ಗುಂಟ ಜಾರಿಸಿ. ನಟ್ಟಿನ ತೂತಿನಲ್ಲಿ, ಅದರೊಳಗಿನ ತಿರುಪಿನ ಗೆರೆಗಳಲ್ಲಿ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಅದು ಗಾತ್ರ ಹೆಚ್ಚಿಸಿ ಸಾಂದ್ರತೆಯನ್ನು ಇಳಿಸುತ್ತದೆ. ಜಾಡಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಗುಳ್ಳೆ ಏಳುವುದು ನಿಂತ ಮೇಲೆ ಅಳತೆ ಓದಿ.

62.80 ಗ್ರಾಂ ನಟ್‌ಗಳಿಗೆ ನೀರು 50.0ರಿಂದ 58.0ಕ್ಕೆ ಏರಿತೆನ್ನಿ. ಗಾತ್ರ 8.0 ಮಿ.ಲೀ., ಭಾಗಿಸಿದರೆ 7.85. ಬರೆಯಬೇಕಾದದ್ದು 7.9 ಗ್ರಾಂ/ಮಿ.ಲೀ. ತೂಕದಲ್ಲಿ ನಾಲ್ಕು ಸಾರ್ಥಕ ಅಂಕಿಗಳಿದ್ದರೂ (ಅಂದರೆ ನಿಜವಾಗಿ ಅಳೆದು ತಿಳಿದ ಅಂಕಿಗಳು) ಗಾತ್ರದಲ್ಲಿ ಇರುವುದು ಎರಡೇ, ಉತ್ತರ ಅದಕ್ಕಿಂತ ಹೆಚ್ಚು ಹೇಳುವಂತಿಲ್ಲ. ಕ್ಯಾಲ್ಕುಲೇಟರ್ ತೋರಿಸಿದ ಎಂಟು ಅಂಕಿಯನ್ನೂ ಬರೆದರೆ ಅಳೆಯದಿದ್ದದ್ದನ್ನು ಅಳೆದಂತೆ ಹೇಳಿದ ಹಾಗಾಗುತ್ತದೆ.

ಈಗ ಗಾತ್ರವನ್ನು ಅರ್ಧ ಮಿ.ಲೀ. ತಪ್ಪಾಗಿ ಓದಿದರೆ ಏನಾಗುತ್ತದೆ ನೋಡಿ. 7.5 ಎಂದು ಬಂದರೆ ಸಾಂದ್ರತೆ 8.4, 8.5 ಎಂದು ಬಂದರೆ 7.4. ಗೆರೆಗಳು 1 ಮಿ.ಲೀ.ಗೆ ಒಂದರಂತಿರುವ ಜಾಡಿಯಲ್ಲಿ ಅರ್ಧ ಮಿ.ಲೀ. ತಪ್ಪು ದೊಡ್ಡ ಅಪರಾಧವೇನಲ್ಲ, ಅದು ಜಾಡಿಯ ಮಿತಿ. ಪರಿಹಾರ ಸುಲಭ: ನಟ್‌ಗಳನ್ನು ಮೂರು ಪಟ್ಟು ಹಾಕಿ. 188.40 ಗ್ರಾಂಗೆ 24.0 ಮಿ.ಲೀ. ಏರುತ್ತದೆ, ಅದೇ ಅರ್ಧ ಮಿ.ಲೀ. ತಪ್ಪಿ 24.5 ಓದಿದರೂ ಸಾಂದ್ರತೆ 7.7, ತಪ್ಪು ಶೇ 2ರಷ್ಟು ಮಾತ್ರ. ಇನ್ನೂ ಒಳ್ಳೆಯ ತಕ್ಕಡಿ ಹುಡುಕುವುದರಿಂದ ಇಲ್ಲಿ ಏನೂ ಸಿಗುವುದಿಲ್ಲ, ಹೆಚ್ಚು ವಸ್ತು ಮುಳುಗಿಸುವುದರಿಂದ ಸಿಗುತ್ತದೆ.

ನೀರಿನಲ್ಲಿ ಕರಗುವ ಸಕ್ಕರೆ, ಕಲ್ಲುಸಕ್ಕರೆಗೆ ನೀರು ಸಲ್ಲದು, ಸೀಮೆಎಣ್ಣೆ ಬಳಸಿ, ಹತ್ತಿರ ಬೆಂಕಿ ಇರದಂತೆ. ಸಕ್ಕರೆ ಹರಳಿನ ಸಾಂದ್ರತೆ 1.59. ಅದೇ ಸಕ್ಕರೆಯನ್ನು ಲೋಟಕ್ಕೆ ತುಂಬಿ ತೂಗಿ ಲೆಕ್ಕ ಹಾಕಿದರೆ 1ಕ್ಕಿಂತ ಕಡಿಮೆ ಬರುತ್ತದೆ, ಯಾಕೆಂದರೆ ಹರಳುಗಳ ನಡುವಿನ ಗಾಳಿಯೂ ಗಾತ್ರದಲ್ಲಿ ಸೇರಿದೆ. ಪಾವಿನಲ್ಲಿ ಅಳೆದ ರಾಗಿ, ಅಕ್ಕಿಗಳ ಕಥೆಯೂ ಇದೇ: ಅದು ರಾಶಿ ಹಾಕಿದ ಕಾಳಿನ ಸಾಂದ್ರತೆ, ಕಾಳಿನದ್ದಲ್ಲ. ಪ್ರಶ್ನೆ ಯಾವುದನ್ನು ಕೇಳುತ್ತಿದೆ ಎಂದು ಮೊದಲು ನೋಡಿಕೊಳ್ಳಿ.

ಕಬ್ಬಿನ ಹಾಲು ಮತ್ತು ಸಾಂದ್ರತೆಯ ಬಾಟಲಿ

ದ್ರವಕ್ಕೆ ಅಳತೆ ಜಾಡಿಗಿಂತ ಸಾಂದ್ರತೆಯ ಬಾಟಲಿಯೇ ವಾಸಿ. ಅದರ ಗಾಜಿನ ಮುಚ್ಚಳದ ಉದ್ದಕ್ಕೂ ಸಣ್ಣ ರಂಧ್ರ ಇರುತ್ತದೆ; ಮುಚ್ಚಿದಾಗ ಹೆಚ್ಚಿನ ದ್ರವ ಅದರಿಂದ ಹೊರಬಂದು, ಪ್ರತಿ ಸಲವೂ ಒಳಗೆ ಒಂದೇ ಗಾತ್ರ ಉಳಿಯುತ್ತದೆ. ಗಾತ್ರವನ್ನು ಕಣ್ಣಿನಿಂದ ಓದುವ ಗೋಜೇ ಇಲ್ಲ, ಎಲ್ಲವೂ ತಕ್ಕಡಿಯ ಮೇಲೆ.

ಮಂಡ್ಯದ ಕಡೆ ಸುಲಭವಾಗಿ ಸಿಗುವ ಕಬ್ಬಿನ ಹಾಲನ್ನೇ ತೆಗೆದುಕೊಳ್ಳೋಣ. ನಿಂಬೆ, ಶುಂಠಿ, ಐಸ್ ಯಾವುದೂ ಬೇಡ. ತೆಳು ಬಟ್ಟೆಯಲ್ಲಿ ಸೋಸಿ, ನೊರೆ ಅಡಗುವವರೆಗೆ ಬಿಡಿ. ನೊರೆಯ ಗಾಳಿ ಸಾಂದ್ರತೆಯನ್ನು ಕಡಿಮೆ ತೋರಿಸುತ್ತದೆ. ಹಾಗೆಂದು ಗಂಟೆಗಟ್ಟಲೆ ಇಡಬೇಡಿ, ಹುಳಿ ಹಿಡಿಯುತ್ತದೆ.

ಒಣಗಿದ ಖಾಲಿ ಬಾಟಲಿಯನ್ನು ಮುಚ್ಚಳದ ಸಮೇತ ತೂಗಿ: 18.42 ಗ್ರಾಂ. ಬಟ್ಟಿ ಇಳಿಸಿದ ನೀರು ತುಂಬಿ ತೂಗಿ: 43.32 ಗ್ರಾಂ. ನೀರಿನ ರಾಶಿ 24.90 ಗ್ರಾಂ. 25 ಡಿಗ್ರಿಯಲ್ಲಿ ನೀರಿನ ಸಾಂದ್ರತೆ 0.9970, ಆದ್ದರಿಂದ ಬಾಟಲಿಯ ನಿಜವಾದ ಗಾತ್ರ 24.90 ÷ 0.9970 = 24.97 ಮಿ.ಲೀ. ಬಾಟಲಿಯ ಮೇಲಿನ 25 ಎಂಬ ಅಂಕಿಯನ್ನು ನೇರವಾಗಿ ಬಳಸಬೇಡಿ, ಅದು ಅಂದಾಜು. ಬಾಟಲಿಯನ್ನು ಕಬ್ಬಿನ ಹಾಲಿನಲ್ಲೇ ಒಮ್ಮೆ ಜಾಲಿಸಿ ಚೆಲ್ಲಿ, ಮತ್ತೆ ತುಂಬಿ ತೂಗಿ: 45.14 ಗ್ರಾಂ. ಹಾಲಿನ ರಾಶಿ 26.72 ಗ್ರಾಂ, ಸಾಂದ್ರತೆ 26.72 ÷ 24.97 = 1.070 ಗ್ರಾಂ/ಮಿ.ಲೀ.

26.72ನ್ನು ನೀರಿನ ರಾಶಿಯಾದ 24.90ರಿಂದ ಭಾಗಿಸಿದರೆ 1.073 ಬರುತ್ತದೆ. ಅದು ತಪ್ಪಲ್ಲ, ಸಾಪೇಕ್ಷ ಸಾಂದ್ರತೆ, ಅದಕ್ಕೆ ಏಕಮಾನವಿಲ್ಲ. ಅದರ ಮುಂದೆ ಗ್ರಾಂ/ಮಿ.ಲೀ. ಎಂದು ಬರೆದರೆ ಮಾತ್ರ ತಪ್ಪು.

ಬಾಟಲಿ ಹಿಡಿಯುವುದರಲ್ಲೂ ಒಂದು ಜಾಗ್ರತೆ ಬೇಕು. ಅಂಗೈಯಲ್ಲಿ ಹಿಡಿದರೆ ಕೈಯ ಬಿಸಿಗೆ ದ್ರವ ಹಿಗ್ಗಿ ಮುಚ್ಚಳದ ರಂಧ್ರದಿಂದ ಹನಿಯಾಗಿ ಏಳುತ್ತದೆ, ಕಣ್ಣಿಗೇ ಕಾಣುತ್ತದೆ. ಕುತ್ತಿಗೆಯನ್ನು ಎರಡು ಬೆರಳಲ್ಲಿ ಹಿಡಿಯಿರಿ. ಹೊರಮೈಯನ್ನು ಪೂರ್ತಿ ಒರೆಸಿ, ಆದರೆ ರಂಧ್ರದ ಬಾಯಿಯ ಮೇಲೆ ಕಾಗದ ಒತ್ತಬೇಡಿ. ಒತ್ತಿದರೆ ಒಳಗಿನ ದ್ರವವನ್ನೂ ಹೀರಿಕೊಳ್ಳುತ್ತದೆ. ನೀರು, ಕಬ್ಬಿನ ಹಾಲು ಎರಡೂ ಒಂದೇ ಉಷ್ಣತೆಯಲ್ಲಿರಲಿ. ನೀರು 30 ಡಿಗ್ರಿಗೆ ಬಂದರೆ ಸಾಂದ್ರತೆ 0.9957ಕ್ಕೆ ಇಳಿಯುತ್ತದೆ. ಗಾಜಿನ ಸಾಧನಗಳ ಮೇಲೆ 20 ಅಥವಾ 27 ಡಿಗ್ರಿ ಎಂದು ಬರೆದಿರುವುದೂ ಇದಕ್ಕೇ.

ಇಲ್ಲಿಂದ ಸಕ್ಕರೆಯ ಲೆಕ್ಕಕ್ಕೆ ಹೋಗಬಹುದು. ಬ್ರಿಕ್ಸ್ ಎಂದರೆ 100 ಗ್ರಾಂ ದ್ರಾವಣದಲ್ಲಿರುವ ಸಕ್ಕರೆಯ ಗ್ರಾಂ. ಶುದ್ಧ ಸಕ್ಕರೆ ದ್ರಾವಣದ ಸಾಂದ್ರತೆ 1.07 ಇದ್ದರೆ ಬ್ರಿಕ್ಸ್ ಸುಮಾರು 18. ಕಬ್ಬಿನ ಹಾಲಿನಲ್ಲಿ ಬೇರೆ ಕರಗಿದ ಪದಾರ್ಥಗಳೂ ಇರುವುದರಿಂದ ಇದು ಸಕ್ಕರೆಯ ಅಂದಾಜು ಮಾತ್ರ. 1 ಲೀಟರಿಗೆ 180 ಗ್ರಾಂ ಎನ್ನುವುದು ಎಲ್ಲರೂ ಮಾಡುವ ತಪ್ಪು. 1 ಲೀಟರ್ ಹಾಲಿನ ರಾಶಿ 1070 ಗ್ರಾಂ, ಅದರ ಶೇ 18 ಅಂದರೆ ಸುಮಾರು 193 ಗ್ರಾಂ. ಆಲೆಮನೆಯ 200 ಲೀಟರ್ ಡ್ರಮ್ಮಿನಲ್ಲಿ 214 ಕೆ.ಜಿ. ಹಾಲಿರುತ್ತದೆ, 200 ಅಲ್ಲ.

ಡೇರಿಯ ಲ್ಯಾಕ್ಟೋಮೀಟರ್ ಕೂಡ ಸಾಂದ್ರತೆಯನ್ನೇ ಓದುತ್ತದೆ. 28 ಎಂದರೆ 1.028. ನೀರು ಬೆರೆಸಿದರೆ ಅಂಕಿ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ, ಏಕೆಂದರೆ ಕೊಬ್ಬು ನೀರಿಗಿಂತ ಹಗುರ. ಎರಡನ್ನೂ ಮಾಡಿದ ಹಾಲು ಒಳ್ಳೆಯ ಅಂಕಿಯನ್ನೇ ತೋರಿಸಬಹುದು. ಹಾಗಾಗಿ ಕೊಬ್ಬಿನ ಪರೀಕ್ಷೆಯಿಲ್ಲದೆ ಲ್ಯಾಕ್ಟೋಮೀಟರ್ ಒಂದನ್ನೇ ನಂಬಬಾರದು.

ಆಮ್ಲದ ಬಾಟಲಿಯ ಲೇಬಲ್

ಸಾಂದ್ರತೆಯಿಲ್ಲದೆ ಮುಂದೆ ಹೋಗಲಾಗದ ಲೆಕ್ಕ ಇದು. ಪ್ರಬಲ ಸಲ್ಫ್ಯೂರಿಕ್ ಆಮ್ಲದ ಲೇಬಲ್ ಮೇಲೆ ಶೇ 98, ಸಾಂದ್ರತೆ 1.84 ಎಂದಿರುತ್ತದೆ, ಮೊಲಾರಿಟಿ, ಅಂದರೆ 1 ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಇದೆ ಎಂಬುದು, ಇರುವುದಿಲ್ಲ. 1 ಲೀಟರ್ ತೆಗೆದುಕೊಳ್ಳಿ: ರಾಶಿ 1840 ಗ್ರಾಂ. ಅದರಲ್ಲಿ ಆಮ್ಲ 1840 × 0.98 = 1803 ಗ್ರಾಂ. ಮೋಲಾರ್ ರಾಶಿ (1 ಮೋಲ್ ಆಮ್ಲದ ಗ್ರಾಂ) 98.08ರಿಂದ ಭಾಗಿಸಿದರೆ 18.4 ಮೋಲ್, ಅಂದರೆ 18.4 ಮೊಲಾರ್. ಸಾಂದ್ರತೆ ಮರೆತು 1 ಲೀಟರನ್ನು 1000 ಗ್ರಾಂ ಎಂದುಕೊಂಡರೆ 10 ಮೊಲಾರ್ ಬರುತ್ತದೆ, ತಯಾರಿಸಿದ ದ್ರಾವಣ ಬೇಕಾದ್ದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಪ್ರಬಲವಾಗುತ್ತದೆ.

1 ಮೊಲಾರ್ ದ್ರಾವಣ 250 ಮಿ.ಲೀ. ಬೇಕೆಂದರೆ 0.25 ಮೋಲ್ ಸಾಕು: 0.25 ÷ 18.4 = 0.0136 ಲೀಟರ್, ಅಂದರೆ 13.6 ಮಿ.ಲೀ. ಕನ್ನಡಕ, ಕೈಗವಸು ಹಾಕಿಕೊಂಡು, ಬೀಕರಿನಲ್ಲಿ ಮೊದಲು ಸುಮಾರು 150 ಮಿ.ಲೀ. ನೀರು ತೆಗೆದುಕೊಂಡು, ಕಲಕುತ್ತಾ ಆಮ್ಲವನ್ನು ನಿಧಾನವಾಗಿ ಸೇರಿಸಿ. ಆಮ್ಲಕ್ಕೆ ನೀರು ಸುರಿಯಬೇಡಿ: 1.84ರ ಆಮ್ಲದ ಮೇಲೆ 1ರ ನೀರು ಮುಳುಗದೆ ಪದರವಾಗಿ ನಿಲ್ಲುತ್ತದೆ, ಎರಡೂ ಸೇರುವ ಜಾಗದಲ್ಲಿ ಕಾವು ಒಟ್ಟುಗೂಡಿ ನೀರು ಕುದಿದು ಆಮ್ಲವನ್ನೂ ಎರಚುತ್ತದೆ. ದ್ರಾವಣ ಪೂರ್ತಿ ತಣಿದ ಮೇಲೆಯೇ ಫ್ಲಾಸ್ಕಿಗೆ ಹಾಕಿ ಗೆರೆಯವರೆಗೆ ನೀರು ತುಂಬಿ. ಬಿಸಿಯಿರುವಾಗಲೇ ತುಂಬಿದರೆ ಆರಿದ ಮೇಲೆ ಮಟ್ಟ ಗೆರೆಯಿಂದ ಕೆಳಗಿಳಿದಿರುತ್ತದೆ.