ಓಮ್ನಿ ಹೀಟ್: ಗ್ಯಾಸ್ಕೆಟ್ ಬಿಟ್ಟು ನೀರಿನ ದಾರಿ ಹಿಡಿದ ಮೇಲೆ ನಿಂತಿತು

ಚಾರ್ಮಾಡಿ ಘಾಟಿಯನ್ನು ಎಂಟು ಜನ ತುಂಬಿಕೊಂಡು ಸೆಕೆಂಡ್ ಗೇರಿನಲ್ಲಿ ಹತ್ತಿಸಿದರೂ ನನ್ನ ಹಳೆ ಕಾರ್ಬುರೇಟರ್ ಇಂಜಿನ್ನಿನ ಮಾರುತಿ ಓಮ್ನಿ ವ್ಯಾನಿನ ಹೀಟ್ ಮುಳ್ಳು ಈಗ ಅರ್ಧ ದಾಟುವುದಿಲ್ಲ. ಇದೇ ಗಾಡಿಗೆ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಮತ್ತು ಇಂಜಿನ್ ಬ್ಲಾಕಿನ ನಡುವೆ ಕೂರುವ ಗ್ಯಾಸ್ಕೆಟ್ ಹಾಳೆಯನ್ನು ಸಲಸಲಕ್ಕೂ ಹೊಸದು ಹಾಕಿಸಿ ಸೋತಾಗ "ಸೀಟಿನ ಕೆಳಗೆ ಇಂಜಿನ್ ಇದ್ದ ಮೇಲೆ ಹೀಟ್ ಆಗದೆ ಇರ್ತದಾ, ಮಾರಿಬಿಡಿ" ಅಂದವರೇ ಹೆಚ್ಚು. 1984ರಿಂದ 2019ರವರೆಗೆ ತಯಾರಾದ ಗಾಡಿ ಇದು. ಹುಟ್ಟಿನಿಂದಲೇ ಹೀಟ್ ಆಗುವ ಇಂಜಿನ್ ಆಗಿದ್ದರೆ ಘಟ್ಟದ ಊರುಗಳಲ್ಲಿ ಇಷ್ಟು ವರ್ಷ ಬಾಳುತ್ತಲೇ ಇರಲಿಲ್ಲ.

ಗ್ಯಾರೇಜುಗಳಲ್ಲಿ ಪ್ರತಿಸಲವೂ ಆದದ್ದು ಇಷ್ಟೇ: ಹೆಡ್ ಬಿಚ್ಚಿದರು, ಹಳೆ ಗ್ಯಾಸ್ಕೆಟ್ ಕೆರೆದು ತೆಗೆದರು, ಹೊಸದು ಕೂರಿಸಿದರು, ಕೈ ಅಂದಾಜಿನಲ್ಲಿ ಬೋಲ್ಟ್ ಬಿಗಿದರು. ಗ್ಯಾಸ್ಕೆಟ್ ಸೆಟ್, ಆಯಿಲ್, ಕೂಲಿ ಎಲ್ಲ ಸೇರಿ ಒಂದು ಸಲಕ್ಕೆ ಐದಾರು ಸಾವಿರ. ಅದರ ಮೇಲೆ ಹೊಸ ವಾಟರ್ ಪಂಪ್, ಇನ್ನೊಂದು ಫ್ಯಾನ್ ಮೋಟಾರ್. ಒಟ್ಟು ಇಪ್ಪತ್ತು ಸಾವಿರದ ಹತ್ತಿರ ಹೋಗಿರಬೇಕು. ಕೊನೆಗೆ ಥರ್ಮೋಸ್ಟಾಟ್ (ಬಿಸಿಯಾದ ಮೇಲಷ್ಟೇ ರೇಡಿಯೇಟರಿಗೆ ನೀರು ಬಿಡುವ ಕವಾಟ) ಕಿತ್ತು ಬಿಸಾಡಿ, ಫ್ಯಾನ್ ಸದಾ ತಿರುಗುವಂತೆ ಡೈರೆಕ್ಟ್ ಮಾಡಿ ಕಳಿಸಿದರು. ಅದರಿಂದ ಬೆಳಿಗ್ಗೆ ಇಂಜಿನ್ ಬಿಸಿಯಾಗಲು ಹೊತ್ತು ಹಿಡಿಯಿತು, ಪೆಟ್ರೋಲ್ ಹೆಚ್ಚು ಕುಡಿಯಿತು. ಘಾಟಿಯಲ್ಲಿ ಹೀಟ್ ಮಾತ್ರ ಹಾಗೇ ಇತ್ತು. ರೇಡಿಯೇಟರೇ ಕಟ್ಟಿಕೊಂಡಿದ್ದರೆ ಥರ್ಮೋಸ್ಟಾಟ್ ತೆಗೆದು ಏನು ಪ್ರಯೋಜನ?

ಹೆಡ್‌ಗೆ ಕೈ ಹಾಕುವ ಮೊದಲು ಒಂದು ಪರೀಕ್ಷೆ ಮಾಡಲೇಬೇಕು. ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ಬಾಯಿಮಟ್ಟ ನೀರು ತುಂಬಿ ಸ್ಟಾರ್ಟ್ ಮಾಡಿ. ಮೊದಲ ಒಂದೆರಡು ನಿಮಿಷದಲ್ಲೇ ಬಿಡದೆ ಗುಳ್ಳೆ ಬರುತ್ತಿದ್ದರೆ, ಆಕ್ಸಿಲೇಟರ್ ಕೊಟ್ಟಷ್ಟೂ ಗುಳ್ಳೆ ಜೋರಾದರೆ, ಸಿಲಿಂಡರಿನ ಗ್ಯಾಸು ನೀರಿಗೆ ನುಗ್ಗುತ್ತಿದೆ ಎಂದರ್ಥ. ಗ್ಯಾಸ್ಕೆಟ್ ಹೋಗಿದೆ, ಇಲ್ಲವೇ ಹೆಡ್ ಬಿರುಕು ಬಿಟ್ಟಿದೆ. ಒಂದೆರಡು ಗುಳ್ಳೆ ಬಂದು ನಿಂತರೆ ಅದು ಒಳಗೆ ಉಳಿದಿದ್ದ ಗಾಳಿ. ಕ್ಯಾಪ್ ಹಾಕಿ ನೋಡಿದಾಗ, ನೀರು ಬಿಸಿಯಾಗುವ ಮೊದಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೂ ಅದೇ ರೋಗ. ನನ್ನದರಲ್ಲಿ ಎರಡನೇ ಮತ್ತು ಮೂರನೇ ಸಿಲಿಂಡರಿನ ಕಂಪ್ರೆಷನ್ (ಒಳಗಿನ ಒತ್ತಡ) ಎರಡೂ ಒಟ್ಟಿಗೆ ಕಡಿಮೆ ತೋರಿಸಿತು. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದರೆ ನಡುವಿನ ಗೋಡೆಯ ಮೇಲೆ ಗ್ಯಾಸ್ಕೆಟ್ ಸುಟ್ಟಿರುವುದೇ ಹೆಚ್ಚು.

ಆದರೆ ಗ್ಯಾಸ್ಕೆಟ್ ಸುಡುವುದು ಹೀಟಿನಿಂದ. ಹೀಟ್ ಎಲ್ಲಿಂದ ಬಂತು ಎಂದು ಯಾರೂ ಹುಡುಕಿರಲಿಲ್ಲ.

ಬಾವಿ ನೀರು ಹಾಕಿ ಓಡಿಸಿದ ಗಾಡಿಯ ಬ್ಲಾಕಿನ ಪಕ್ಕದ ತಗಡಿನ ಪ್ಲಗ್ ಒಮ್ಮೆ ಕಿತ್ತು ನೋಡಿ. ನನ್ನದರಿಂದ ಬಂದದ್ದು ನೀರಲ್ಲ, ಕೆಂಪು ಗೊಜ್ಜು. ಬ್ಲಾಕ್ ಕಬ್ಬಿಣದ ಎರಕ, ಅದರ ತುಕ್ಕು ಕೆಸರಾಗಿ ಹಿಂದಿನ ಸಿಲಿಂಡರಿನ ಸುತ್ತ ಗಟ್ಟಿಕಟ್ಟಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಕೆದಕಿ, ಸರ್ವೀಸ್ ಸ್ಟೇಷನ್ನಿನ ಪ್ರೆಷರ್ ನೀರು ಬಿಟ್ಟು, ತಿಳಿನೀರು ಬರುವ ತನಕ ತೊಳೆದೆ. ಹೊಸ ಪ್ಲಗ್‌ಗೆ ನೂರಿನ್ನೂರರ ಮೇಲೆ ಖರ್ಚಾಗಲಿಲ್ಲ. ರೇಡಿಯೇಟರಿನ ಮೇಲಿನ ಟ್ಯಾಂಕ್ ಬಿಚ್ಚಿಸಿದಾಗ ಮೂರರಲ್ಲೊಂದು ಪಾಲು ಟ್ಯೂಬು ಮುಚ್ಚಿತ್ತು. ಟ್ಯೂಬಿನೊಳಗೆ ಸರಿಗೆ ತೂರಿಸಿ ಕಸ ತೆಗೆಸಿ ಮತ್ತೆ ಬೆಸುಗೆ ಹಾಕಿಸಲು ಸಾವಿರದ ಒಳಗೇ ಆಯಿತು. ಅಲ್ಯೂಮಿನಿಯಂ ರೇಡಿಯೇಟರಿಗೆ ಇದು ನಡೆಯದು, ಹೊಸದೇ ತರಬೇಕು.

ಫ್ಯಾನ್ ಕಥೆ ಬೇರೆ. ತಿರುಗುತ್ತಿತ್ತು, ಆದರೆ ಉಲ್ಟಾ! ಮೋಟಾರ್ ಬದಲಿಸಿದವರು ಪ್ಲಸ್ ಮೈನಸ್ ಅದಲುಬದಲು ಮಾಡಿದ್ದರು. ರೇಡಿಯೇಟರಿನ ಮುಂದೆ ಒಂದು ಕಾಗದ ಹಿಡಿಯಿರಿ. ಫ್ಯಾನ್ ಓಡುವಾಗ ಅದು ಜಾಲರಿಗೆ ಅಂಟಿಕೊಳ್ಳಬೇಕು. ಹಾರಿಹೋದರೆ ವೈರ್ ತಿರುಗಿಸಿ.

ಇನ್ನು ಹೆಡ್. ಉಕ್ಕಿನ ಪಟ್ಟಿಯನ್ನು ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಉಕ್ಕಿನ ಎಲೆ) ತೂರಿಸಿ. 0.05 ಮಿಮೀ ಎಲೆ ತೂರಿದರೆ ಫೇಸಿಂಗ್, ಅಂದರೆ ಮೇಲ್ಮೈ ತೆಗೆದು ಮಟ್ಟ, ಮಾಡಿಸಲೇಬೇಕು. ನನ್ನದರಲ್ಲಿ ನಡುಮಧ್ಯೆ ಅದರ ದುಪ್ಪಟ್ಟು ಸಲೀಸಾಗಿ ತೂರಿತು. ಇದರ ಮೇಲೆ ಎಷ್ಟು ಒಳ್ಳೆಯ ಗ್ಯಾಸ್ಕೆಟ್ ಹಾಕಿದರೂ ನಿಲ್ಲುವುದಿಲ್ಲ. ಲೇಥಿನವರಿಗೆ "ಮಟ್ಟ ಬಂದ ಕೂಡಲೇ ನಿಲ್ಲಿಸಿ" ಎಂದು ಎದುರು ನಿಂತು ಹೇಳಿ. ಹೊಳಪು ಬರಲೆಂದು ಹೆಚ್ಚು ತೆಗೆದರೆ ಕಂಪ್ರೆಷನ್ ಹೆಚ್ಚಿ ಏರುದಾರಿಯಲ್ಲಿ ನಾಕಿಂಗ್ (ಇಂಜಿನ್ನಿನ ಕಟಕಟ ಬಡಿತ) ಶುರುವಾಗುತ್ತದೆ. ಆರೇಳು ನೂರು ಕೊಟ್ಟ ನೆನಪು.

ಬೋಲ್ಟ್ ತೂತುಗಳಲ್ಲಿ ಆಯಿಲ್, ನೀರು ನಿಂತಿರಬಾರದು. ನಿಂತಿದ್ದರೆ ಬಿಗಿಯುವಾಗ ಟಾರ್ಕ್ (ಬಿಗಿತದ ಅಳತೆ) ಸುಳ್ಳು ತೋರಿಸುತ್ತದೆ, ಬ್ಲಾಕ್ ಬಿರುಕು ಬಿಡಲೂಬಹುದು. ಗಾಳಿ ಹೊಡೆದು ಒಣಗಿಸಿ, ನಡುವಿನ ಬೋಲ್ಟಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ ಬಿಗಿಯುತ್ತ ಬಂದು ಐದೂವರೆ-ಆರು ಕೆಜಿ ಮೀಟರಿಗೆ ನಿಲ್ಲಿಸಿದೆ. ಟಾರ್ಕ್ ರೆಂಚ್ ಬಾಡಿಗೆಗೆ ತಂದರೂ ಸರಿ, ಕೈ ಅಂದಾಜು ಬೇಡ.

ಗಾಳಿ ತೆಗೆಯುವುದರಲ್ಲೇ ಬಹಳ ಜನ ಸೋಲುವುದು. ರೇಡಿಯೇಟರ್ ಮುಂದೆ, ಇಂಜಿನ್ ಸೀಟಿನ ಕೆಳಗೆ, ನಡುವೆ ಉದ್ದ ಪೈಪು. ಸಮತಟ್ಟಿನಲ್ಲಿ ನೀರು ತುಂಬಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಮುಂದಿನ ಚಕ್ರ ಏರಿನ ಮೇಲೆ ಬರುವಂತೆ ನಿಲ್ಲಿಸಿ, ರೇಡಿಯೇಟರ್ ಕ್ಯಾಪ್ ಎಲ್ಲಕ್ಕಿಂತ ಎತ್ತರದಲ್ಲಿರಬೇಕು. ಕೂಲೆಂಟನ್ನು ನಿಧಾನಕ್ಕೆ ಹಾಕುತ್ತ, ಹೋಸ್ ಹಿಸುಕುತ್ತ, ಥರ್ಮೋಸ್ಟಾಟ್ ತೆರೆದು ಕೆಳಗಿನ ಹೋಸ್ ಬಿಸಿಯಾಗುವ ತನಕ ಓಡಿಸಿ. ಎಲ್‌ಪಿಜಿ ಕಿಟ್ ಇರುವವರು ವೇಪರೈಸರ್ (ಇಂಜಿನ್ ನೀರಿನ ಬಿಸಿಯಿಂದ ದ್ರವ ಎಲ್‌ಪಿಜಿಯನ್ನು ಗ್ಯಾಸ್ ಮಾಡುವ ಡಬ್ಬಿ) ಎಲ್ಲಿದೆ ನೋಡಿ. ರೇಡಿಯೇಟರ್ ನೀರಿನ ಮಟ್ಟಕ್ಕಿಂತ ಮೇಲೆ ಕೂರಿಸಿದ್ದರೆ ಗಾಳಿ ಅಲ್ಲೇ ಸೇರಿಕೊಳ್ಳುತ್ತದೆ. ಬ್ರಾಕೆಟ್ ಕೆಳಗಿಳಿಸದೆ ಆ ಗಾಡಿಯ ಹೀಟ್ ಹೋಗದು.

ಥರ್ಮೋಸ್ಟಾಟ್ ವಾಪಸ್ ಹಾಕಿದೆ, 82 ಡಿಗ್ರಿಯದು. ಪಾತ್ರೆಯ ನೀರಲ್ಲಿ ಕಾಯಿಸಿ, ತೆರೆಯುವುದನ್ನು ಕಣ್ಣಾರೆ ಕಂಡ ಮೇಲೆಯೇ. ರೇಡಿಯೇಟರ್ ಕ್ಯಾಪ್ ಕೂಡ ಹೊಸದು, 0.9 ಕೆಜಿ ಒತ್ತಡದ್ದು. ಕ್ಯಾಪ್ ಸಡಿಲವಿದ್ದರೆ ನೀರು ಬೇಗ ಕುದಿಯುತ್ತದೆ.

ಇದರ ಜೊತೆಗೆ ಬಂಪರಿನ ಹಿಂದೆ ತಗಡಿನ ತಡೆ ಕೂರಿಸಿ ಗಾಳಿಯೆಲ್ಲ ರೇಡಿಯೇಟರಿಗೇ ಹೋಗುವಂತೆ ಮಾಡಿ ನೋಡಿದೆ. ಹೈವೇಯಲ್ಲಿ ಮುಳ್ಳು ಸ್ವಲ್ಪ ಇಳಿಯಿತು, ಘಾಟಿಯ ನಿಧಾನ ಓಟದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಹೆಚ್ಚು ಫಲ ಕೊಟ್ಟದ್ದು ಡಿಸ್ಟ್ರಿಬ್ಯೂಟರಿನ (ಸಿಲಿಂಡರುಗಳಿಗೆ ಕಿಡಿ ಹಂಚುವ ಭಾಗ) ವ್ಯಾಕ್ಯೂಮ್ ಪೈಪು. ಅದು ಒಡೆದಿದ್ದರೆ ಕಿಡಿಯ ಟೈಮಿಂಗ್ ಮುಂದಕ್ಕೆ ಹೋಗದೆ ಮೈಲೇಜೂ ಬೀಳುತ್ತದೆ, ಇಂಜಿನ್ನೂ ಹೆಚ್ಚು ಬಿಸಿಯಾಗುತ್ತದೆ. ಒಂದಡಿ ರಬ್ಬರ್ ಪೈಪಿಗೆ ಮೂವತ್ತು ರೂಪಾಯಿ ಆಯಿತು. ಈ ಸುತ್ತಿನ ಪೂರ್ತಿ ಖರ್ಚು ಏಳು ಸಾವಿರ ಮುಟ್ಟಲಿಲ್ಲ. ಎರಡು ಮಳೆಗಾಲ ಕಳೆದರೂ ಕೂಲೆಂಟ್ ಹಸಿರಾಗಿಯೇ ಇದೆ, ಮೇಲಿಂದ ಹಾಕಿದ್ದು ಲೀಟರಿಗೂ ಕಡಿಮೆ.